ಗೊದ್ದದ ಕತ್ತಿನ ಮೇಲೊಂದು ಕಡ್ಡಿ: ಹೊಸ ಶಿಲೀಂಧ್ರವನ್ನು ಗುರುತಿಸುವ ಬಗೆ

(ತಾಲ್ಲೂಕು ಕೇಂದ್ರವೊಂದರ ವಾಚನಾಲಯದಲ್ಲಿ ಓದುಗರ ಮುಂದೆ ಆಡಿದ ಮಾತುಗಳ ಬರಹರೂಪ)

ವಿಜ್ಞಾನದ ವಿಷಯ ಮಾತಾಡಲು ಕರೆದಿದ್ದೀರಿ. ನಾನು ವಿಜ್ಞಾನಿಯಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವರದಿಗಾರನಾದವನು. ಬೆಳಿಗ್ಗೆ ನಗರಸಭೆಯ ಗಲಾಟೆ, ಮಧ್ಯಾಹ್ನ ಅಪಘಾತ, ಸಂಜೆ ಯಾರದೋ ಭಾಷಣ. ಇಷ್ಟರಲ್ಲೇ ನನ್ನ ದಿನ ಮುಗಿಯುತ್ತದೆ. ಆದರೂ ಬರುತ್ತೇನೆಂದು ಒಪ್ಪಿಕೊಂಡದ್ದಕ್ಕೆ ಕಾರಣವಿದೆ. ನಾನು ಬರೆದ ಒಂದು ತಪ್ಪು ವರದಿಯ ಸಾಲ ನನ್ನ ಮೇಲಿದೆ. ಅದನ್ನು ಇಲ್ಲಿ ತೀರಿಸೋಣವೆಂದು ಬಂದಿದ್ದೇನೆ.

2023ರ ಜನವರಿಯಲ್ಲಿ ಅಮೆರಿಕದ ಟಿವಿ ಧಾರಾವಾಹಿಯೊಂದು ಶುರುವಾಯಿತು. ಅದರ ಹೆಸರು ‘ದಿ ಲಾಸ್ಟ್ ಆಫ್ ಅಸ್’. ಇರುವೆಗಳನ್ನು ಹಿಡಿಯುವ ಒಂದು ಬೂಷ್ಟು ಮನುಷ್ಯರನ್ನೇ ಹಿಡಿದರೆ ಏನಾದೀತು ಎಂಬುದು ಅದರ ಕತೆ. ಊರಿಗೆಲ್ಲ ಅದೇ ಮಾತು. ನನಗೂ ಒಂದು ಪುಟ್ಟ ಬರಹ ಕೊಡುವಂತೆ ಹೇಳಿದರು. ಅರ್ಧ ಗಂಟೆಯಲ್ಲಿ ಬರೆದುಕೊಟ್ಟೆ. ‘ಇರುವೆಯ ಮಿದುಳಿಗೆ ಲಗ್ಗೆ ಇಡುವ ಶಿಲೀಂಧ್ರ’ ಎಂದು ತಲೆಬರಹ. ಕಾಡಿನಲ್ಲಿ ಇಂಥದೊಂದು ಶಿಲೀಂಧ್ರವಿದೆ, ಅದು ಇರುವೆಯ ಮಿದುಳನ್ನು ತಿಂದು ಅದನ್ನು ಪಿಶಾಚಿಯಂತೆ ಕುಣಿಸುತ್ತದೆ ಎಂದು ಧೈರ್ಯವಾಗಿ ಬರೆದೆ. ಒಂದು ಶಿಲೀಂಧ್ರ, ಒಂದು ಇರುವೆ, ಒಂದು ಮಿದುಳು. ಈ ಮೂರೂ ತಪ್ಪು ಎಂದು ಆಮೇಲೆ ತಿಳಿಯಿತು.

ತಿಳಿಯುವಂತೆ ಮಾಡಿದವರು ಕನಕಪುರದ ಕಡೆಯ ಒಬ್ಬ ರೇಷ್ಮೆ ಬೆಳೆಗಾರರು. ಬರಹ ಅಚ್ಚಾದ ಮೂರನೆಯ ದಿನ ಕಚೇರಿಗೇ ಬಂದರು. ಅಂಗಿಯ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಒಂದು ರೇಷ್ಮೆಹುಳು. ಸತ್ತು, ಸೆಟೆದು, ಸೀಮೆಸುಣ್ಣದ ತುಂಡಿನಂತೆ ಬೆಳ್ಳಗಾಗಿತ್ತು.

“ನೂರು ಮೊಟ್ಟೆ ಹುಳ ಮೇಯಿಸಿದ್ದೆ ಸಾರ್. ನಾಲ್ಕನೇ ಜ್ವರ ಎದ್ದು, ಇನ್ನೇನು ಚಂದ್ರಿಕೆಗೆ ಬಿಡಬೇಕು ಅನ್ನೋ ಹೊತ್ತಿಗೆ ಅರ್ಧಕ್ಕರ್ಧ ಹಿಂಗಾಯ್ತು. ಸುಣ್ಣಕಟ್ಟು. ನೀವು ಬರ್ದಿರೋ ಆ ಇರುವೆ ಕಾಯ್ಲೆನೂ ಇದೂ ಒಂದೇನಾ, ಬೇರೇನಾ?”

ನನಗೆ ಗೊತ್ತಿರಲಿಲ್ಲ. “ವಿಚಾರಿಸಿ ಹೇಳ್ತೀನಿ ಯಜಮಾನರೆ” ಎಂದೆ. ಅವರು ಪೊಟ್ಟಣವನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಅವರ ಪ್ರಶ್ನೆ ಸಣ್ಣದೆಂದು ಅಂದು ನನಗನ್ನಿಸಿತ್ತು. ಆದರೆ ಶಿಲೀಂಧ್ರಗಳ ವರ್ಗೀಕರಣ ಎಂಬ ಇಡೀ ಶಾಸ್ತ್ರ ನಿಂತಿರುವುದು ಅದೇ ಪ್ರಶ್ನೆಯ ಮೇಲೆ. ಇದೂ ಅದೂ ಒಂದೇನಾ, ಬೇರೇನಾ? ಆ ಶಾಸ್ತ್ರದವರು ಜೀವಮಾನವಿಡೀ ಕೇಳಿಕೊಳ್ಳುವುದು ಇಷ್ಟನ್ನೇ.

ಮೊದಲು ಸುಣ್ಣಕಟ್ಟಿನ ಕತೆ ಹೇಳುತ್ತೇನೆ. ರೇಷ್ಮೆ ಸೀಮೆಯವರಿಗೆ ಈ ಮಾತು ಹೊಸದಲ್ಲ. ಮಳೆಗಾಲದಲ್ಲಿ, ಚಳಿಗಾಲದಲ್ಲಿ, ಹುಳುಮನೆಯಲ್ಲಿ ತೇವ ನಿಂತಾಗ ಬರುವ ರೋಗ ಇದು. ಹುಳು ಸತ್ತ ಮೇಲೆ ಕೊಳೆಯುವುದಿಲ್ಲ, ಗಟ್ಟಿಯಾಗುತ್ತದೆ. ಒಂದೆರಡು ದಿನಗಳಲ್ಲಿ ಮೈಮೇಲೆ ಬಿಳಿಪುಡಿ ಏಳುತ್ತದೆ. ಸುಣ್ಣದ ತೊಟ್ಟಿಗೆ ಅದ್ದಿ ತೆಗೆದಂತೆ ಕಾಣುವುದರಿಂದ ನಮ್ಮವರು ಇಟ್ಟ ಹೆಸರು ಸುಣ್ಣಕಟ್ಟು. ಸ್ವಾರಸ್ಯ ನೋಡಿ, ಇಟಲಿಯ ರೇಷ್ಮೆ ಬೆಳೆಗಾರರೂ ಇದನ್ನು ಕಂಡು ‘ಕಲ್ಚಿನೋ’ ಎಂದರು. ಅವರ ಭಾಷೆಯಲ್ಲಿ ‘ಕಾಲ್ಚೆ’ ಎಂದರೆ ಸುಣ್ಣ. ಅವರ ಮಾತು ಕೇಳಿ ನಾವು ಹೆಸರಿಡಲಿಲ್ಲ, ನಮ್ಮದನ್ನು ಕೇಳಿ ಅವರೂ ಇಡಲಿಲ್ಲ. ಎರಡು ದೇಶದ ರೈತರು ಸತ್ತ ಹುಳುವನ್ನು ಕೈಯಲ್ಲಿ ಹಿಡಿದು ನೋಡಿದಾಗ ಕಂಡದ್ದು ಒಂದೇ.

ಇಟಲಿಯ ಲೋದಿ ಊರಿನ ಬಳಿ ಅಗೊಸ್ಟಿನೋ ಬಾಸಿ ಎಂಬಾತ ಇದ್ದ. ಹುಟ್ಟಿದ್ದು 1773ರಲ್ಲಿ. ಓದಿದ್ದು ಕಾನೂನು. ಕಣ್ಣಿನ ದೃಷ್ಟಿ ಕೆಟ್ಟು ಉದ್ಯೋಗ ಬಿಡಬೇಕಾಯಿತು. 1807ರ ಸುಮಾರಿಗೆ ಈ ಸುಣ್ಣರೋಗದ ಬೆನ್ನು ಹತ್ತಿದವನು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಿಡಲಿಲ್ಲ. ಗಾಳಿಯ ದೋಷವಿರಬಹುದು, ಸೊಪ್ಪಿನ ದೋಷವಿರಬಹುದು, ಸೆಖೆ ಇರಬಹುದು ಎಂದೆಲ್ಲ ಅಂದುಕೊಂಡು ಹುಳುಗಳಿಗೆ ನಾನಾ ಬಗೆಯ ಹಿಂಸೆ ಕೊಟ್ಟು ನೋಡಿದ. ಹುಳುಗಳು ಸತ್ತವು. ಆದರೆ ಸುಣ್ಣವಾಗಲಿಲ್ಲ. ಕೊನೆಗೆ, ಸುಣ್ಣವಾದ ಹುಳುವಿನ ಮೇಲಿನ ಬಿಳಿಪುಡಿಯನ್ನೇ ತೆಗೆದು ಆರೋಗ್ಯವಾಗಿದ್ದ ಹುಳುವಿಗೆ ಸೋಕಿಸಿದ. ಅದೂ ಸುಣ್ಣವಾಯಿತು. ಆ ಪುಡಿ ಒಂದು ಶಿಲೀಂಧ್ರದ ಬೀಜಕಣಗಳ ರಾಶಿ ಎಂದು 1835ರಲ್ಲಿ ಗ್ರಂಥ ಪ್ರಕಟಿಸಿದ. ಪ್ರಾಣಿಯೊಂದರ ರೋಗಕ್ಕೆ ಕಣ್ಣಿಗೆ ಕಾಣದ ಜೀವಿ ಕಾರಣವೆಂದು ಪ್ರಯೋಗದಿಂದ ತೋರಿಸಿದ ಮೊದಲಿಗರಲ್ಲಿ ಆತ ಒಬ್ಬ. ಆಗ ಲೂಯಿ ಪಾಶ್ಚರ್‌ಗೆ ಹನ್ನೆರಡೋ ಹದಿಮೂರೋ ವರ್ಷ. ಹುಳುಮನೆ ಚೊಕ್ಕಟವಾಗಿಡಿ, ಸಲಕರಣೆಗಳನ್ನು ಕುದಿಸಿ, ರೋಗದ ಹುಳುಗಳನ್ನು ಬೇರೆ ಮಾಡಿ ಎಂದು ಬಾಸಿ ಬರೆದ. ಇಂದು ರಾಮನಗರದ ಕಡೆ ರೇಷ್ಮೆ ಇಲಾಖೆಯವರು ಹೇಳುವುದು ಇದರಿಂದ ಬಹಳ ದೂರವೇನಿಲ್ಲ.

ಆ ಶಿಲೀಂಧ್ರಕ್ಕೆ ಬಾಸಿಯ ಹೆಸರನ್ನೇ ಇಟ್ಟರು. ಈಗ ಅದು ಬಿವೇರಿಯಾ ಬಾಸಿಯಾನಾ. ಹೆಸರು ಕೇಳಿದಂತಿದೆ ಎನಿಸಿದರೆ ಆಶ್ಚರ್ಯವಿಲ್ಲ. ಗೊಬ್ಬರದ ಅಂಗಡಿಯಲ್ಲಿ ಕೀಟ ಕೊಲ್ಲುವ ಜೈವಿಕ ಪುಡಿಯಾಗಿ ಸಿಗುವ ಬಿವೇರಿಯಾ ಇದೇ. ಕಾಫಿಯ ಕಾಯಿ ಕೊರೆಯುವ ಬೆರ್ರಿ ಬೋರರ್ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಾಣಿಸಿಕೊಂಡು ಕೊಡಗಿಗೆ ಹಬ್ಬಿದ ಮೇಲೆ, ತೋಟಗಳಲ್ಲಿ ಇದನ್ನು ಸಿಂಪಡಿಸುವುದು ರೂಢಿಗೆ ಬಂತು. ಕಾಫಿಯವರಿಗೆ ಇದು ಔಷಧಿ, ರೇಷ್ಮೆಯವರಿಗೆ ರೋಗ. ಹಿಪ್ಪುನೇರಳೆ ತೋಟದ ಹತ್ತಿರ ಇದನ್ನು ಹೊಡೆಯಬಾರದೆನ್ನುವುದು ಇದಕ್ಕಾಗಿಯೇ.

ಇನ್ನು ಇರುವೆಯ ಕಡೆ ಬರೋಣ. ಬೆಳೆಗಾರರ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ಬ್ರೆಜಿಲ್ ದೇಶದ ಒಂದು ಕಾಡು.

ಬ್ರೆಜಿಲ್‌ನ ಆಗ್ನೇಯಕ್ಕೆ ಮಿನಾಸ್ ಜೆರೈಸ್ ಎಂಬ ರಾಜ್ಯವಿದೆ. ಕಾಫಿಗೆ ಹೆಸರಾದ ಸೀಮೆ. ಅದರ ಒಂದು ಭಾಗಕ್ಕೆ ಜೋನಾ ದ ಮಾಟಾ ಎಂದು ಹೆಸರು. ಕಾಡಿನ ವಲಯ ಎಂದರ್ಥ. ಹೆಸರಿನಲ್ಲಿ ಉಳಿದಷ್ಟು ಕಾಡು ನೆಲದ ಮೇಲೆ ಉಳಿದಿಲ್ಲ. ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ಹಬ್ಬಿದ್ದ ಮಳೆಕಾಡನ್ನು ಕಾಫಿಗೆಂದು, ದನದ ಹುಲ್ಲುಗಾವಲಿಗೆಂದು ಕಡಿದು, ನಡುನಡುವೆ ತುಣುಕು ತುಣುಕಾಗಿ ಬಿಟ್ಟಿದ್ದಾರೆ. ಹಳೆಯ ಮರ, ಕಡಿದ ಮೇಲೆ ಚಿಗುರಿದ ಮರ, ಪೊದೆ, ಬಳ್ಳಿ ಎಲ್ಲ ಬೆರೆತ ಕಾಡು. ಕೊಡಗು, ಚಿಕ್ಕಮಗಳೂರು ನೋಡಿದವರಿಗೆ ಈ ಚಿತ್ರ ಅಪರಿಚಿತವಲ್ಲ.

ಆ ಕಾಡಿನ ತುಣುಕುಗಳಲ್ಲಿ ಹ್ಯಾರಿ ಇವಾನ್ಸ್, ಸೈಮನ್ ಎಲಿಯಟ್, ಡೇವಿಡ್ ಹ್ಯೂಸ್ ಎಂಬ ಮೂವರು ಸತ್ತ ಇರುವೆಗಳನ್ನು ಹುಡುಕಿದರು. ಇವಾನ್ಸ್ ಇದರಲ್ಲಿ ಹಳೆಯ ಕೈ. 1970ರ ದಶಕದಲ್ಲೇ ಆಫ್ರಿಕಾದ ಘಾನಾ ಕಾಡಿನಲ್ಲಿ ಇರುವೆಗಳನ್ನು ಕೊಲ್ಲುವ ಶಿಲೀಂಧ್ರಗಳ ಬಗ್ಗೆ ಬರೆದವರು. ಇವರಿಗೆ ಬೇಕಾಗಿದ್ದು ಕ್ಯಾಂಪೊನೋಟಸ್ ಕುಲದ ಇರುವೆ. ಮರದ ಪೊಟರೆ ಕೊರೆದು ಗೂಡು ಮಾಡುವುದರಿಂದ ಇಂಗ್ಲಿಷಿನವರು ಬಡಗಿ ಇರುವೆ ಎನ್ನುತ್ತಾರೆ. ನಮ್ಮ ಮನೆಯ ಬೆಲ್ಲದ ಡಬ್ಬಿಗೆ ಮುತ್ತುವ ಕರಿ ಗೊದ್ದ ಇದೇ ಕುಲದ್ದು. ಹಾಗಾಗಿ ನಾನು ಇಡೀ ಕುಲವನ್ನು ಗೊದ್ದವೆಂದೇ ಕರೆಯುತ್ತೇನೆ.

ಹೀಗೆ ಸತ್ತ ಗೊದ್ದ ಸಿಗುವುದು ಗೂಡಿನಲ್ಲಲ್ಲ. ಅದು ಗೊತ್ತಿಲ್ಲದಿದ್ದರೆ ವರ್ಷಗಟ್ಟಲೆ ಹುಡುಕಿದರೂ ಸಿಗುವುದಿಲ್ಲ. ಥೈಲೆಂಡಿನ ಕಾಡೊಂದರಲ್ಲಿ ನಡೆದ, 2009 ಮತ್ತು 2011ರಲ್ಲಿ ಪ್ರಕಟವಾದ ಅಧ್ಯಯನಗಳು ಈ ಸಾವಿನ ವಿವರವನ್ನು ಕೊಡುತ್ತವೆ. ಬೀಜಕಣ ಇರುವೆಯ ಮೈಗೆ ಅಂಟಿ, ಚಿಪ್ಪಿನಂಥ ಚರ್ಮವನ್ನು ಕೊರೆದು ಒಳಗೆ ಹೋಗುತ್ತದೆ. ರಕ್ತದಲ್ಲಿ ಬೆಳೆಯುತ್ತದೆ. ಕೆಲವು ದಿನ ಹೊರಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಇರುವೆ ಸಾಲು ಬಿಟ್ಟು ತೂರಾಡುತ್ತದೆ. ಮೈ ಸೆಳೆತ ಬಂದು ಮರದಿಂದ ಕೆಳಗೆ ಬೀಳುತ್ತದೆ. ಮತ್ತೆ ಮೇಲೇರಲಾರದೆ ಸಣ್ಣ ಗಿಡವೊಂದನ್ನು ಹತ್ತಿ, ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದಲ್ಲಿ, ಎಲೆಯ ಅಡಿಭಾಗದ ನರವನ್ನು ಬಲವಾಗಿ ಕಚ್ಚುತ್ತದೆ. ಕಚ್ಚುವ ಹೊತ್ತು ಸುಮಾರಾಗಿ ನಡು ಮಧ್ಯಾಹ್ನ. ಕಚ್ಚಿದ ಮೇಲೆ ಬಿಡುವುದಿಲ್ಲ. ಸಂಜೆಯೊಳಗೆ ಸಾಯುತ್ತದೆ. ಆ ಎತ್ತರದಲ್ಲಿ ತೇವವೂ ಸೆಖೆಯೂ ಶಿಲೀಂಧ್ರ ಬೆಳೆಯಲು ಹದವಾಗಿರುತ್ತವೆ. ಕೆಲವು ದಿನಕ್ಕೆ ಇರುವೆಯ ಕತ್ತಿನ ಹಿಂಭಾಗದಿಂದ ಒಂದು ಕಡ್ಡಿ ಮೊಳೆಯುತ್ತದೆ. ವಾರಗಳು ಕಳೆದು ಕಡ್ಡಿಯ ಪಕ್ಕದಲ್ಲಿ ಗುಬಟು ಮೂಡುತ್ತದೆ. ಅದರಿಂದ ಬೀಜಕಣಗಳು ಕೆಳಗೆ, ಇರುವೆಗಳು ಓಡಾಡುವ ನೆಲದ ಮೇಲೆ ಉದುರುತ್ತವೆ.

ಜರ್ಮನಿಯ ಮೆಸೆಲ್ ಎಂಬಲ್ಲಿ ಸಿಕ್ಕ 4 ಕೋಟಿ 80 ಲಕ್ಷ ವರ್ಷ ಹಳೆಯ ಎಲೆಯ ಪಳೆಯುಳಿಕೆಯ ಮೇಲೆ ಇಂಥದೇ ಕಚ್ಚಿದ ಗುರುತುಗಳಿವೆ. ಈ ನಾಟಕ ಅಷ್ಟು ಹಳೆಯದು.

ಇಷ್ಟೆಲ್ಲವನ್ನೂ ಮಾಡುವ ಶಿಲೀಂಧ್ರಕ್ಕೆ ಬಹುಕಾಲದಿಂದ ಒಂದೇ ಹೆಸರಿತ್ತು. ಓಫಿಯೋಕಾರ್ಡಿಸೆಪ್ಸ್ ಯುನಿಲ್ಯಾಟೆರಾಲಿಸ್. ಯುನಿಲ್ಯಾಟೆರಾಲಿಸ್ ಎಂದರೆ ಒಂದೇ ಪಕ್ಕದ್ದು. ಕಡ್ಡಿಯ ಒಂದು ಪಕ್ಕದಲ್ಲಿ ಗುಬಟು ಇರುವುದರಿಂದ ಆ ಹೆಸರು. ಬ್ರೆಜಿಲ್‌ನಲ್ಲಿ ಸಿಕ್ಕರೂ ಅದೇ, ಆಫ್ರಿಕಾದಲ್ಲಿ ಸಿಕ್ಕರೂ ಅದೇ, ಥೈಲೆಂಡಿನಲ್ಲಿ ಸಿಕ್ಕರೂ ಅದೇ. ಬರಿಗಣ್ಣಿಗೆ ಎಲ್ಲ ಒಂದೇ ಥರ. ನಾನು ಬರೆದದ್ದೂ ಇದೇ ‘ಒಂದು ಶಿಲೀಂಧ್ರ’.

ಮೂವರು ವಿಜ್ಞಾನಿಗಳು ಮಾಡಿದ್ದನ್ನು ಈಗ ಹೇಳುತ್ತೇನೆ. ಶಿಲೀಂಧ್ರವನ್ನು ನೋಡುವ ಮೊದಲು ಇರುವೆ ಯಾವುದೆಂದು ನೋಡಿದರು. ಕೇಳಿದರೆ ಇಷ್ಟೇನಾ ಎನಿಸುತ್ತದೆ. ಆದರೆ ಶಿಲೀಂಧ್ರ ಬಲ್ಲವರಿಗೆ ಇರುವೆ ತಿಳಿಯದು, ಇರುವೆ ಬಲ್ಲವರಿಗೆ ಶಿಲೀಂಧ್ರ ತಿಳಿಯದು. ಹೆಣ ಯಾರದೆಂದು ಕೇಳದೆ ಕೊಲೆಗಾರನನ್ನು ಹುಡುಕುವ ಪೊಲೀಸರನ್ನು ನಾನು ಕಂಡಿಲ್ಲ. ಈ ವಿಷಯದಲ್ಲಿ ಮಾತ್ರ ಬಹುಕಾಲ ಹೆಚ್ಚುಕಡಿಮೆ ಹಾಗೆಯೇ ನಡೆದಿತ್ತು. ಅವರಿಗೆ ಸಿಕ್ಕ ಗೊದ್ದಗಳು ನಾಲ್ಕು ಪ್ರಭೇದದವು: ರುಫಿಪೆಸ್, ಬಲ್ಜಾನಿ, ಮೆಲನೋಟಿಕಸ್, ನೋವೋಗ್ರನಾಡೆನ್ಸಿಸ್. ಮೊದಲನೆಯದರ ಅರ್ಥ ಕೆಂಗಾಲಿನದು.

ಆಮೇಲೆ ಬೀಜಕಣ. ಇಂಥ ಕೆಲಸದ ರೀತಿ ಹೀಗೆ: ಗುಬಟು ಬಲಿತ ಇರುವೆಯನ್ನು ಎಲೆಸಮೇತ ಜೋಪಾನವಾಗಿ ತಂದು, ಗಾಜಿನ ತಟ್ಟೆಯ ಮುಚ್ಚಳದ ಒಳಮೈಗೆ ಅಂಟಿಸಿ ತಲೆಕೆಳಗಾಗಿ ತೂಗುಬಿಡುತ್ತಾರೆ. ರಾತ್ರಿ ಕಳೆಯುವಷ್ಟರಲ್ಲಿ ಅದು ಕೆಳಗೆ ಬೀಜಕಣಗಳನ್ನು ಚೆಲ್ಲಿರುತ್ತದೆ. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಉದ್ದ ಅಳೆಯಬೇಕು, ಅಗಲ ಅಳೆಯಬೇಕು, ಒಳಗೆ ಎಷ್ಟು ಅಡ್ಡಗೋಡೆಗಳಿವೆ ಎಂದು ಎಣಿಸಬೇಕು. ಒಂದಲ್ಲ ಎರಡಲ್ಲ, ಹತ್ತಾರು. ಅಲ್ಲಿಗೂ ಮುಗಿಯದು. ಬೀಜಕಣ ಮೊಳೆಯುವವರೆಗೆ ಕಾಯಬೇಕು. ಮೊಳೆಯುವ ರೀತಿಯೇ ಗುರುತಿನ ಚೀಟಿ.

ಇಲ್ಲಿ ನಾಲ್ಕರ ಗುಟ್ಟು ಹೊರಬಿತ್ತು. ಕೆಂಗಾಲು ಗೊದ್ದದ ಮೇಲಿನ ಶಿಲೀಂಧ್ರದ ಬೀಜಕಣದ ಉದ್ದ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಮೆಲನೋಟಿಕಸ್ ಗೊದ್ದದ ಮೇಲಿನದ್ದು ಅದರ ಎರಡು ಪಟ್ಟು ಉದ್ದ. ಕೆಂಗಾಲಿನದು ಒಂದೆರಡು ದಿನದಲ್ಲಿ ಮೊಳೆತು ನೆಟ್ಟಗೆ ಒಂದು ಕೂದಲನ್ನು ನಿಲ್ಲಿಸುತ್ತದೆ. ಕೂದಲ ತುದಿಯಲ್ಲಿ ಎರಡನೆಯದೊಂದು ಬೀಜಕಣ. ಅತ್ತ ಹಾದುಹೋಗುವ ಇರುವೆಯ ಮೈಗೆ ಅಂಟಿಕೊಳ್ಳಲು ಸಜ್ಜಾದ ಗಾಳದಂತೆ. ಬೇರೆ ಗೊದ್ದಗಳ ಶಿಲೀಂಧ್ರಗಳು ಈ ಕೆಲಸವನ್ನು ಬೇರೆ ಬೇರೆ ರೀತಿಯಲ್ಲಿ ನಡೆಸುತ್ತವೆ. ನಾಲ್ಕು ಗೊದ್ದಕ್ಕೆ ನಾಲ್ಕು ಶಿಲೀಂಧ್ರ. ಒಂದರ ಮನೆಗೆ ಇನ್ನೊಂದು ಹೋಗುವುದಿಲ್ಲ. ಇವನ್ನು ಬೇರ್ಪಡಿಸಿದ್ದು ಡಿಎನ್‌ಎಯಿಂದಲ್ಲ, ಹಳೆಯ ಕಾಲದ ಸೂಕ್ಷ್ಮದರ್ಶಕದಿಂದ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಮುಂದೆ ಡಿಎನ್‌ಎ ಹೋಲಿಸಿ ವಂಶವೃಕ್ಷ ಬರೆದಾಗಲೂ ಅವು ಬೇರೆ ಬೇರೆ ಕೊಂಬೆಗಳೇ ಆದವು.

2011ರ ಮಾರ್ಚ್‌ನಲ್ಲಿ ಪ್ರಬಂಧ ಪ್ರಕಟವಾಯಿತು. ನಾಲ್ಕಕ್ಕೂ ಅವುಗಳ ಗೊದ್ದದ ಹೆಸರನ್ನೇ ಇಟ್ಟರು. ಕೆಂಗಾಲಿನದಕ್ಕೆ ಓಫಿಯೋಕಾರ್ಡಿಸೆಪ್ಸ್ ಕ್ಯಾಂಪೊನೋಟಿ-ರುಫಿಪೆಡಿಸ್. ನಾಲಿಗೆ ಹೊರಳದಿದ್ದರೂ ವ್ಯಾಕರಣ ಸುಲಭ. ಲ್ಯಾಟಿನ್ನಿನ ಷಷ್ಠಿ ವಿಭಕ್ತಿ ಅದು. ಕೆಂಗಾಲು ಗೊದ್ದ‘ದ’ ಓಫಿಯೋಕಾರ್ಡಿಸೆಪ್ಸ್ ಎಂದು ತಾತ್ಪರ್ಯ. ಕೊಂದವನ ಹೆಸರಿನೊಳಗೇ ಸತ್ತವನ ಹೆಸರು. ಯಾರು ಯಾರನ್ನು ಕೊಂದರೆಂದು ಇನ್ನು ಯಾರೂ ಮರೆಯುವಂತಿಲ್ಲ.

ಹೊಸ ಹೆಸರು ಇಡುವುದಕ್ಕೂ ಕಾಯಿದೆ ಇದೆ. ಆ ಕಾಲಕ್ಕೆ ಹೊಸ ಪ್ರಭೇದದ ಲಕ್ಷಣವನ್ನು ಲ್ಯಾಟಿನ್ನಿನಲ್ಲಿ ಬರೆಯಬೇಕಿತ್ತು, ಕಾಗದದ ಮೇಲೆ ಅಚ್ಚು ಮಾಡಿರಬೇಕಿತ್ತು. ಬರೀ ಗಣಕದಲ್ಲಿ ಪ್ರಕಟವಾದರೆ ಹೆಸರು ಹುಟ್ಟಿದಂತಲ್ಲ. ಈ ಪ್ರಬಂಧವೇ ಆ ಕಾಯಿದೆಗೆ ಒಂದು ಪರೀಕ್ಷೆಯಾಯಿತು. ಅದೇ ವರ್ಷ ಮೆಲ್ಬರ್ನ್‌ನಲ್ಲಿ ಸೇರಿದ ಸಸ್ಯವಿಜ್ಞಾನಿಗಳ ಸಮ್ಮೇಳನ ನಿಯಮ ಬದಲಿಸಿತು. 2012ರ ಜನವರಿ 1ರಿಂದ ಲ್ಯಾಟಿನ್ ಕಡ್ಡಾಯವಲ್ಲ, ಕಾಗದವೂ ಕಡ್ಡಾಯವಲ್ಲ. ಸಸ್ಯಗಳ ಸಭೆಯಲ್ಲಿ ಶಿಲೀಂಧ್ರಗಳಿಗೇನು ಕೆಲಸವೆಂದು ಕೇಳಬೇಡಿ. ಶಿಲೀಂಧ್ರ ಗಿಡವಲ್ಲವೆಂದು ತಿಳಿದು ದಶಕಗಳಾದರೂ ಹೆಸರಿನ ಕಾಯಿದೆ ಇನ್ನೂ ಒಟ್ಟುಕುಟುಂಬದಲ್ಲೇ ಇದೆ.

ಕತೆ ಇಲ್ಲಿಗೆ ನಿಲ್ಲುವುದಿಲ್ಲ. ನಾಲ್ಕನ್ನು ಬೇರೆ ಮಾಡಿದ ಮೇಲೆ, ಮೂಲ ಯುನಿಲ್ಯಾಟೆರಾಲಿಸ್ ಯಾವುದು ಎಂಬ ಪ್ರಶ್ನೆ ಎದ್ದಿತು. ಆಸ್ತಿ ಪಾಲಾದಾಗ ಹಳೆಯ ಮನೆ ಯಾರಿಗೆ ಎಂಬಂಥ ಪ್ರಶ್ನೆ. ಅದಕ್ಕೆ ಮೂಲ ದಾಖಲೆ ನೋಡಬೇಕು. ಆ ಹೆಸರಿಟ್ಟವರು ಫ್ರಾನ್ಸಿನ ತುಲಾನ್ ಸಹೋದರರು, 1865ರಲ್ಲಿ. ಅಣ್ಣ ಲೂಯಿ ರೆನೆ, ತಮ್ಮ ಶಾರ್ಲ್. ತಮ್ಮ ವೃತ್ತಿಯಿಂದ ವೈದ್ಯ, ಕೈ ಮಾತ್ರ ಅಪ್ಪಟ ಚಿತ್ರಕಾರನದು. ಇವರ ಮೂರು ಸಂಪುಟಗಳ ಶಿಲೀಂಧ್ರ ಗ್ರಂಥದ ಚಿತ್ರಗಳು ಇಂದಿಗೂ ಪ್ರಸಿದ್ಧ. ಬ್ರೆಜಿಲ್‌ನಿಂದ ಬಂದ ಒಂದು ಸತ್ತ ಇರುವೆಯನ್ನು ನೋಡಿ ಇವರು ಈ ಶಿಲೀಂಧ್ರವನ್ನು ವರ್ಣಿಸಿದರು. ಇರುವೆ ಯಾವುದು? ಎಲೆ ಕತ್ತರಿಸುವ ಆಟಾ ಎಂಬ ಇರುವೆ ಎಂದು ದಾಖಲಾಯಿತು.

ಆ ಮಾದರಿ ಈಗ ಇಲ್ಲ. ಇದ್ದಾಗಲೂ ಅದರ ಶಿಲೀಂಧ್ರ ಬಲಿತಿರಲಿಲ್ಲ. ಬೀಜಕಣದ ಅಳತೆಯೇ ದಾಖಲೆಯಲ್ಲಿಲ್ಲ. ಹೀಗಿರುವಾಗ ಮೂಲ ಯಾವುದೆಂದು ಹೇಳುವುದು ಹೇಗೆ? ಉಳಿದದ್ದು ಚಿತ್ರ ಒಂದೇ. ಎಲೆ ಕತ್ತರಿಸುವ ಇರುವೆಗೆ ಬೆನ್ನ ಮೇಲೆ ಮುಳ್ಳುಗಳಿರುತ್ತವೆ, ಸೊಂಟದಲ್ಲಿ ಎರಡು ಗಂಟುಗಳಿರುತ್ತವೆ. ಗೊದ್ದಕ್ಕೆ ಒಂದೇ ಗಂಟು. ಇವಾನ್ಸ್ ಮತ್ತು ಸಂಗಡಿಗರು ಚಿತ್ರವನ್ನು ಸೂಕ್ಷ್ಮವಾಗಿ ನೋಡಿ, ಇದು ಆಟಾ ಅಲ್ಲವೇ ಅಲ್ಲ, ಹೊನ್ನಿನ ಮಿರುಗಿನ ಗೊದ್ದ, ಕ್ಯಾಂಪೊನೋಟಸ್ ಸೆರಿಸಿವೆಂಟ್ರಿಸ್ ಎಂದರು. ಬರಹ ತಪ್ಪಿತ್ತು, ಚಿತ್ರ ಸರಿಯಿತ್ತು. ನಮ್ಮ ಕಚೇರಿಯ ಛಾಯಾಗ್ರಾಹಕರಿಗೆ ಈ ಸಂಗತಿ ಹೇಳಿದ ದಿನ ಅವರು ನನಗೆ ಚಹಾ ಕುಡಿಸಿದರು. 2018ರಲ್ಲಿ ಅದೇ ಮಿನಾಸ್ ಜೆರೈಸ್‌ನಲ್ಲಿ ಹೊನ್ನಿನ ಗೊದ್ದದ ಮೇಲೆ ಸಿಕ್ಕ ಶಿಲೀಂಧ್ರವನ್ನು ಹೊಸ ಮೂಲಮಾದರಿಯೆಂದು ಗೊತ್ತುಮಾಡಿದರು. 153 ವರ್ಷಗಳ ಬಳಿಕ ಹೆಸರಿಗೆ ಮತ್ತೆ ಒಂದು ಮೈ ಸಿಕ್ಕಿತು. ಅದೇ ವರ್ಷ ಇದೇ ಬಳಗದ ವಿಜ್ಞಾನಿಗಳು ಬೇರೆ ಬೇರೆ ಖಂಡಗಳ ಇರುವೆ ಶಿಲೀಂಧ್ರಗಳನ್ನು ಒಟ್ಟಿಗೆ ಪರಿಶೀಲಿಸಿ ಹದಿನೈದು ಹೊಸ ಪ್ರಭೇದಗಳ ದೊಡ್ಡ ಪ್ರಬಂಧವನ್ನು ಹೊರತಂದರು.

ಇನ್ನು ನನ್ನ ಮೂರನೆಯ ತಪ್ಪು, ಮಿದುಳಿನದು. ಅದನ್ನು ಅಳಿಸಿದ್ದು 2017ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನ. ಎಲೆ ಕಚ್ಚುವ ಹೊತ್ತಿನ ಇರುವೆಗಳನ್ನು ತೆಳುವಾಗಿ ಸೀಳಿ ವಿದ್ಯುನ್ಮಾನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಶಿಲೀಂಧ್ರದ ಕೋಶಗಳು ತಲೆ, ಎದೆ, ಹೊಟ್ಟೆ, ಕಾಲು ಎಲ್ಲ ಕಡೆ ತುಂಬಿದ್ದವು. ಸ್ನಾಯುಗಳ ಎಳೆ ಎಳೆಯನ್ನೂ ಬಲೆಯಂತೆ ಸುತ್ತಿದ್ದವು. ಮಿದುಳಿನ ಒಳಗೆ ಮಾತ್ರ ಹೊಕ್ಕಿರಲಿಲ್ಲ. ಮಿದುಳಿಗೆ ರಾಸಾಯನಿಕಗಳ ಮೂಲಕ ಏನಾದರೂ ಮಾಡುತ್ತಿರಬಹುದು, ತಿನ್ನುವುದಂತೂ ಇಲ್ಲ. 2023ರಲ್ಲಿ ನಾನು ಬರೆಯುವಾಗ ಈ ಸಂಗತಿ ಪ್ರಕಟವಾಗಿ ಐದು ವರ್ಷವಾಗಿತ್ತು. ಅರ್ಧ ಗಂಟೆಯ ಬದಲು ಒಂದು ಗಂಟೆ ಕೊಟ್ಟಿದ್ದರೆ ಸಿಗುತ್ತಿತ್ತು. ಮನುಷ್ಯರಿಗೆ ಈ ಇರುವೆ ಶಿಲೀಂಧ್ರ ತಗುಲಿದ ದಾಖಲೆ ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬರಹ ಓದಿ ಮಕ್ಕಳಿಗೆ ಇರುವೆ ಮುಟ್ಟಬೇಡಿ ಎಂದ ತಾಯಂದಿರು ಇದ್ದರಂತೆ.

ಇಷ್ಟು ಕೂದಲು ಸೀಳಿ ಏನು ಪ್ರಯೋಜನ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡಿದ್ದೆ.

2014ರ ಒಂದು ಪ್ರಯೋಗ ನೋಡಿ. ಇಂಥ ಶಿಲೀಂಧ್ರವೊಂದನ್ನು ಅದರದಲ್ಲದ ಇರುವೆಗಳಿಗೆ ಚುಚ್ಚಿದರು. ಇರುವೆಗಳು ಸತ್ತವು, ಆದರೆ ಎಲೆ ಕಚ್ಚಲಿಲ್ಲ. ಕೊಲ್ಲುವುದು ಸುಲಭ, ಕಚ್ಚಿಸುವ ವಿದ್ಯೆ ಮಾತ್ರ ಒಂದೊಂದಕ್ಕೂ ತನ್ನ ಇರುವೆಯ ಮೇಲಷ್ಟೇ ನಡೆಯುತ್ತದೆ. ಕಚ್ಚಿಸಲಾಗದಿದ್ದರೆ ಕಡ್ಡಿ ಮೊಳೆಯಲು ಜಾಗವಿಲ್ಲ, ಸಂತತಿಯಿಲ್ಲ. ಹಾಗಾದರೆ ಕಾಡಿನ ಒಂದು ತುಣುಕಿನಿಂದ ಒಂದು ಗೊದ್ದ ಅಳಿದರೆ ಅದರ ಷಷ್ಠಿ ವಿಭಕ್ತಿಯೂ ಅಳಿಯಿತು. ಎಲ್ಲಕ್ಕೂ ಒಂದೇ ಹೆಸರಿದ್ದಾಗ ಈ ನಷ್ಟ ಲೆಕ್ಕಕ್ಕೇ ಬರುತ್ತಿರಲಿಲ್ಲ. ಜಗತ್ತಿನಲ್ಲಿ 22 ಲಕ್ಷದಿಂದ 38 ಲಕ್ಷ ಶಿಲೀಂಧ್ರ ಪ್ರಭೇದಗಳಿರಬಹುದೆಂದು 2017ರ ಒಂದು ಅಂದಾಜು. ಆಗ ಹೆಸರು ಪಡೆದಿದ್ದವು ಸುಮಾರು 1 ಲಕ್ಷ 20 ಸಾವಿರ.

ಇನ್ನೊಂದು ಸಂಗತಿ ಆಸ್ಪತ್ರೆಯದು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ನಿಮ್ಮ ಪರಿಚಯದಲ್ಲಿದ್ದರೆ ಸೈಕ್ಲೋಸ್ಪೊರಿನ್ ಎಂಬ ಔಷಧಿಯ ಹೆಸರು ಕೇಳಿರಬಹುದು. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧಿ. ಅಮೆರಿಕದಲ್ಲಿ 1983ರಲ್ಲಿ ಅನುಮತಿ ಪಡೆಯಿತು. ಅದನ್ನು ಕೊಟ್ಟದ್ದು ನಾರ್ವೆಯ ಪ್ರಸ್ಥಭೂಮಿಯಿಂದ 1969ರಲ್ಲಿ ತಂದ ಹಿಡಿ ಮಣ್ಣಿನಲ್ಲಿದ್ದ ಬೂಷ್ಟು. ಆ ಬೂಷ್ಟಿನ ಪೂರ್ಣ ಜೀವನ ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. 1994ರಲ್ಲಿ ನ್ಯೂಯಾರ್ಕ್ ರಾಜ್ಯದ ಇಥಾಕಾ ಬಳಿಯ ಕಾಡಿಗೆ ಅಣಬೆ ನೋಡಲು ಹೋದ ಕಾರ್ನೆಲ್ ವಿಶ್ವವಿದ್ಯಾಲಯದವರಿಗೆ ಜೀರುಂಡೆಯ ಮರಿಹುಳುವಿನ ಮೇಲೆ ಬೆಳೆದಿದ್ದ ಒಂದು ಶಿಲೀಂಧ್ರ ಸಿಕ್ಕಿತು. ಕ್ಯಾಥಿ ಹಾಜ್ ಎಂಬ ವಿದ್ಯಾರ್ಥಿನಿ ಅದರ ಬೀಜಕಣ ಬೆಳೆಸಿ ನೋಡಿದರೆ, ಬಂದದ್ದು ಆ ಔಷಧಿಯ ಬೂಷ್ಟೇ. ಎರಡು ಹೆಸರು, ಒಂದೇ ಜೀವಿ. ಬ್ರೆಜಿಲ್‌ನಲ್ಲಿ ಒಂದೇ ಹೆಸರಿನೊಳಗೆ ನಾಲ್ವರಿದ್ದರೆ ಇಲ್ಲಿ ಎರಡು ಹೆಸರುಗಳ ಹಿಂದೆ ಒಬ್ಬನೇ ಇದ್ದ.

ನಮ್ಮ ಪಶ್ಚಿಮ ಘಟ್ಟದಲ್ಲೂ ಈ ಬಳಗವಿದೆ. ತಿಗಣೆ ಜಾತಿಯ ಕೀಟದ ಮೈಯಿಂದ ಮೊಳೆಯುವ ಓಫಿಯೋಕಾರ್ಡಿಸೆಪ್ಸ್ ನ್ಯೂಟನ್ಸ್ ಘಟ್ಟದ ಕಾಡುಗಳಲ್ಲಿರುವುದನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ವರದಿ ಮಾಡಿದ್ದಾರೆ. ಹಿಮಾಲಯದವರು ಕೀಡಾ ಜಡಿ ಎಂದು ಬಂಗಾರದ ಬೆಲೆಗೆ ಮಾರುವುದೂ ಇದೇ ಕುಲದ ಇನ್ನೊಂದನ್ನು.

ಈಗ ಬೆಂಕಿಪೊಟ್ಟಣಕ್ಕೆ ಬರುತ್ತೇನೆ. ಯಜಮಾನರಿಗೆ ಫೋನ್ ಮಾಡಿ ಹೇಳಿದೆ: ಎರಡೂ ಒಂದಲ್ಲ, ಆದರೆ ದೂರದ ದಾಯಾದಿಗಳು. ಒಂದೇ ಗಣ, ಬೇರೆ ಬೇರೆ ಕುಟುಂಬ. ಇರುವೆಯದು ಒಬ್ಬರ ಮನೆಗೆ ಮಾತ್ರ ಹೋಗುವಂಥದು. ನಿಮ್ಮ ಹುಳುವಿನದು ನೂರಾರು ಬಗೆಯ ಕೀಟಗಳ ಮನೆಗೆ ನುಗ್ಗುವಂಥದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಹಂಗಾದ್ರೆ ನಮ್ ಹುಳಕ್ಕೆ ಬಂದಿದ್ದು ಬಾಸಿಯಾನಾನೇ ಅಂತೀರಾ?”

ಮತ್ತೆ ಸಿಕ್ಕಿಬಿದ್ದೆ. ಏಕೆಂದರೆ ಬಾಸಿಯಾನಾ ಎಂಬ ಹೆಸರಿನೊಳಗೂ ಹಲವರು ಅವಿತಿದ್ದರೆಂದು ಡಿಎನ್‌ಎ ಪರೀಕ್ಷೆಗಳು ಅಷ್ಟರಲ್ಲಿ ತೋರಿಸಿದ್ದವು. 2011ರಲ್ಲೇ, ಬ್ರೆಜಿಲ್‌ನ ಗೊದ್ದಗಳ ಪ್ರಬಂಧ ಬಂದ ವರ್ಷವೇ, ಬಿವೇರಿಯಾ ಕುಲವನ್ನು ಮತ್ತೆ ಅಳೆದು ತೂಗಿ ಆರು ಹೊಸ ಪ್ರಭೇದಗಳನ್ನು ಹೆಸರಿಸಿದ್ದರು. ಇಲ್ಲಿ ಸೂಕ್ಷ್ಮದರ್ಶಕ ಸಾಲದು. ಕಣ್ಣಿಗೆ ಅವು ಅಷ್ಟು ಒಂದೇ ಥರ.

ಪೊಟ್ಟಣವನ್ನು ಪರಿಚಯದ ಒಬ್ಬ ಕಾಲೇಜು ಮೇಷ್ಟರ ಬಳಿ ಒಯ್ದೆ. ಅವರು ಬಿಳಿಪುಡಿಯನ್ನು ಸೂಜಿ ಮೊನೆಯಲ್ಲಿ ತೆಗೆದು, ಗಾಜುಪಟ್ಟಿಯ ಮೇಲೆ ನೀರಿನ ಹನಿಯೊಳಗಿಟ್ಟು ನನಗೆ ತೋರಿಸಿದರು. ಪುಟ್ಟ ಪುಟ್ಟ ದುಂಡನೆಯ ಮಣಿಗಳು, ಗೊಂಚಲು ಗೊಂಚಲಾಗಿ. “ಕುಲ ಬಿವೇರಿಯಾ. ಅಷ್ಟು ಹೇಳಬಲ್ಲೆ. ಬಾಸಿಯಾನಾ ಇರಬಹುದು. ಇರಬಹುದು ಅಂತಲೇ ಬರ್ಕೊಳ್ಳಪ್ಪ” ಎಂದರು. ಹಾಗೆಯೇ ಬರೆದುಕೊಂಡೆ. ಪೊಟ್ಟಣದ ಮೇಲೆ ಚೀಟಿ ಅಂಟಿಸಿದ್ದೇನೆ. ರೇಷ್ಮೆಹುಳು, ಐದನೇ ಹಂತ, ಕನಕಪುರದ ಕಡೆ, ಜನವರಿ 2023, ಬಿವೇರಿಯಾ, ಪ್ರಭೇದ ಇತ್ಯರ್ಥವಾಗಿಲ್ಲ.